ಒಂದೋ, ಎರಡೋ?

ಮೊನ್ನೆ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಆರಾಮಕುರ್ಚಿಯಲ್ಲಿ ಒರಗಿಕೊಂಡು, ನಿದ್ದೆಗೂ ಎಚ್ಚರಕ್ಕೂ ನಡುವಣ ಸುಖದ ಗಡಿಯಲ್ಲಿದ್ದೆ. ಮೊಮ್ಮಗ ಬಂದು ತೋಳು ಅಲುಗಿಸಿದ. "ತಾತ, ಈ ಎರಡು ಚಿತ್ರ ನೋಡು. ಇವೆರಡೂ ಒಂದೇನಾ, ಬೇರೆ ಬೇರೆನಾ?" ಕನ್ನಡಕ ಹುಡುಕಿ ಹಾಕಿಕೊಂಡು ನೋಡಿದೆ. ಎರಡೂ ಕಂದುಬಣ್ಣದ ಪ್ರಾಣಿಗಳು. ಎರಡಕ್ಕೂ ಸಿಟ್ಟಿನ ಹುಬ್ಬು. ಕೈಗಳಿಲ್ಲ, ಪಾದ ಮಾತ್ರ ಉಂಟು. ಒಂದರ ತಲೆ ಅಣಬೆಯ ಕೊಡೆಯಂತೆ ಅಗಲವಾಗಿತ್ತು, ಇನ್ನೊಂದು ಇಡಿಯಾಗಿ ಉರುಟಾಗಿತ್ತು. "ಒಂದೇ ಇರಬೇಕು ಕಣೋ, ಇವನು ಸ್ವಲ್ಪ ಊಟ ಹೆಚ್ಚಾಗಿ ಮಾಡಿದ್ದಾನೆ, ನನ್ನ ಹಾಗೆ" ಎಂದೆ. ಅವನು ನಗಲಿಲ್ಲ. "ಇದಕ್ಕೇ ಒಂದು ಪುಟ, ಅದಕ್ಕೇ ಒಂದು ಪುಟ ಮಾಡಿಟ್ಟಿದ್ದಾರೆ ತಾತ. ಸುಮ್ಮಸುಮ್ಮನೆ ಬೇರೆ ಮಾಡ್ತಾರಾ?" ಎಂದು ಮುಖ ಗಂಟಿಕ್ಕಿದ. ನನ್ನ ನಿದ್ದೆ ಅಲ್ಲಿಗೆ ಮುಗಿಯಿತು.

ನನ್ನ ವಯಸ್ಸಿನ ವಾಚಕರಿಗಾಗಿ ಒಂದೆರಡು ಮಾತು ಹೇಳಬೇಕು. ವಿಡಿಯೋ ಆಟಗಳಲ್ಲಿ ಆಡುವವನ ದಾರಿಗೆ ಅಡ್ಡ ಬರುವುದಕ್ಕೆಂದೇ ಶತ್ರುಗಳನ್ನು ಸೃಷ್ಟಿಸಿರುತ್ತಾರೆ. ಆ ಆಟಗಳ ಅಭಿಮಾನಿಗಳು ಕೂಡಿ, ಯಾರ ಅಪ್ಪಣೆಗೂ ಕಾಯದೆ, ಸಂಬಳವೂ ಇಲ್ಲದೆ, ಪ್ರತಿಯೊಂದು ಶತ್ರುವಿಗೂ ಒಂದು ಪುಟದಂತೆ ವಿಶ್ವಕೋಶಗಳನ್ನು ಬರೆದಿಡುತ್ತಾರೆ. ಇವಕ್ಕೆ ವಿಕಿ ಎಂದು ಹೆಸರು. ಯಾರು ಬೇಕಾದರೂ ತಿದ್ದಬಹುದಾದ ಇಂಥ ಪುಟಗಳನ್ನು 1995ರಲ್ಲಿ ಮೊದಲು ಮಾಡಿದವರು ಅಮೆರಿಕದ ವಾರ್ಡ್ ಕನಿಂಗ್‌ಹ್ಯಾಮ್. ಹವಾಯಿ ದ್ವೀಪದ ಭಾಷೆಯಲ್ಲಿ ವಿಕಿ ಎಂದರೆ 'ಬೇಗ' ಎಂದರ್ಥವಂತೆ. ಹೆಸರು ಹೀಗಿದ್ದರೂ ಅಲ್ಲಿಯ ಚರ್ಚೆಗಳು ಬೇಗ ಮುಗಿಯುವುದಿಲ್ಲ. ಮೊಮ್ಮಗ ಒಂದನ್ನು ತೆರೆದು ತೋರಿಸಿದ. ಎರಡು ಪುಟಗಳನ್ನು ಕೂಡಿಸಬೇಕೇ, ಒಂದನ್ನು ಒಡೆಯಬೇಕೇ ಎಂದು ಪೂರ್ವಪಕ್ಷ, ಸಿದ್ಧಾಂತ, ಖಂಡನೆ, ಕೊನೆಗೆ ಮತದಾನ. ಹಿಂದೆ ಮಠಗಳಲ್ಲಿ ನಡೆಯುತ್ತಿದ್ದ ವಾಕ್ಯಾರ್ಥಗೋಷ್ಠಿಯ ನೆನಪಾಯಿತು. ಶಾಲು ಹೊದಿಸುವುದೊಂದು ಇಲ್ಲ.

ಜಗಳ ಹಳೆಯದೇ. ಡಾರ್ವಿನ್ 1857ರಲ್ಲಿ ತನ್ನ ಸ್ನೇಹಿತ ಹೂಕರ್‌ಗೆ ಬರೆದ ಕಾಗದವೊಂದರಲ್ಲಿ ಸಸ್ಯಶಾಸ್ತ್ರಜ್ಞರಲ್ಲಿ ಕೂದಲು ಸೀಳುವವರೂ ಬೇಕು, ಗುಡ್ಡೆ ಹಾಕುವವರೂ ಬೇಕು ಎಂಬ ಅರ್ಥದ ಮಾತು ಬರೆದಿದ್ದಾನೆ. ಮೊಮ್ಮಗ ಸೀಳುವ ಪಕ್ಷ. ನಾನು ಹುಟ್ಟಾ ಗುಡ್ಡೆ ಹಾಕುವವನು. ಹಾಗೆ ಇದ್ದುದರ ಫಲವನ್ನು ಒಮ್ಮೆ ಉಂಡಿದ್ದೇನೆ. ಅದು ಆಮೇಲೆ.

ಅವನು ತೋರಿಸಿದ ಪ್ರಾಣಿಗಳ ಕಥೆ ಹೀಗಿದೆ. 1985ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆ ಸೂಪರ್ ಮಾರಿಯೋ ಬ್ರದರ್ಸ್ ಎಂಬ ಆಟ ಹೊರತಂದಿತು. ಅದರಲ್ಲಿ ಎಲ್ಲರಿಗಿಂತ ಮೊದಲು ಎದುರಾಗುವ ಬಡಪಾಯಿ ಶತ್ರುವಿನ ಹೆಸರು ಇಂಗ್ಲಿಷಿನಲ್ಲಿ ಗೂಂಬಾ, ಜಪಾನಿಯಲ್ಲಿ ಕುರಿಬೋ. ತಲೆಯ ಮೇಲೆ ತುಳಿದರೆ ಅಪ್ಪಚ್ಚಿಯಾಗಿ ಸಾಯುತ್ತದೆ. 1990ರ ಸೂಪರ್ ಮಾರಿಯೋ ವರ್ಲ್ಡ್ ಆಟದಲ್ಲಿ ಅದರ ಸ್ಥಾನಕ್ಕೆ ಬಂದದ್ದು ಉರುಟಾದ ಇನ್ನೊಂದು ಪ್ರಾಣಿ. ಇದನ್ನು ತುಳಿದರೆ ಸಾಯುವುದಿಲ್ಲ, ಬೋರಲಾಗಿ ಬಿದ್ದುಕೊಳ್ಳುತ್ತದೆ. ಎತ್ತಿ ಎಸೆಯಬಹುದು, ಬಿಟ್ಟರೆ ಎದ್ದು ಮತ್ತೆ ನಡೆಯುತ್ತದೆ. ಜಪಾನೀಯರು ಇದನ್ನು ಕುರಿಬೋನ್ ಎಂದು ಬೇರೆ ಹೆಸರಿನಿಂದ ಕರೆದರು. ಇಂಗ್ಲಿಷಿಗೆ ತಂದವರು ಎರಡನ್ನೂ ಗೂಂಬಾ ಎಂದೇ ಬಿಟ್ಟರು. ಆದ್ದರಿಂದ ಟೋಕಿಯೋದ ಹುಡುಗನಿಗೆ ಮೊದಲಿನಿಂದಲೂ ಇದ್ದ ಎರಡು ಜಾತಿಗಳು ನ್ಯೂಯಾರ್ಕಿನ ಹುಡುಗನಿಗೆ ವರ್ಷಾನುವರ್ಷ ಒಂದೇ ಆಗಿದ್ದವು! ಮುಂದೆ ಇಂಗ್ಲಿಷಿನಲ್ಲೂ ಎರಡನೆಯದಕ್ಕೆ ಗಲೂಂಬಾ ಎಂಬ ಹೆಸರು ಬಂತು. ಅಷ್ಟಕ್ಕೇ ಮುಗಿಯಿತೇ? 2015ರ ಸೂಪರ್ ಮಾರಿಯೋ ಮೇಕರ್‌ನಲ್ಲಿ ಆಡುವವರೇ ಆಟ ಕಟ್ಟಬಹುದು. ಅಲ್ಲಿ ಗೂಂಬಾ ಇಟ್ಟು, 1985ರ ಶೈಲಿಯನ್ನು 1990ರ ಶೈಲಿಗೆ ಬದಲಾಯಿಸಿದರೆ ನಿಂತಲ್ಲೇ ಅದು ಗಲೂಂಬಾ ಆಗುತ್ತದೆ. ಹೆಸರು ಎರಡು, ಸ್ಥಾನ ಒಂದು. ಕೂಡಿಸುವವರಿಗೂ ಸೀಳುವವರಿಗೂ ತಯಾರಕರೇ ಆಧಾರ ಒದಗಿಸಿದಂತಾಯಿತು.

ಹೊರಗಿನ ಹೆಸರನ್ನೂ ರೂಪವನ್ನೂ ನಂಬುವುದು ಬೇಡ, ಒಳಗಿನ ತತ್ತ್ವವನ್ನು ಹಿಡಿಯೋಣ ಎನ್ನಬಹುದು. ಹದಿನೇಳನೆಯ ಶತಮಾನದ ಜಾನ್ ಲಾಕ್ ಇಲ್ಲಿ ಒಂದು ಎಚ್ಚರಿಕೆ ಕೊಟ್ಟಿದ್ದ. ಚಿನ್ನ ಹಳದಿ, ಭಾರ, ಬಡಿದರೆ ತಗಡಾಗುತ್ತದೆ ಎಂಬ ನಮ್ಮ ಕಲ್ಪನೆಗಳ ಗಂಟಿಗೆ ನಾವು ಚಿನ್ನ ಎಂಬ ಹೆಸರು ಕಟ್ಟುತ್ತೇವೆ, ಅದನ್ನು ಹಾಗೆ ಮಾಡಿರುವ ಒಳರಚನೆ ನಮಗೆ ತಿಳಿಯದು ಎಂದು. ಆಟದ ಪ್ರಪಂಚದಲ್ಲಿ ಈ ಕಷ್ಟವಿಲ್ಲ. ಅಲ್ಲಿ ಸೃಷ್ಟಿಯ ಒಳರಚನೆಯನ್ನೇ ಬಿಚ್ಚಿ ಓದಿದವರಿದ್ದಾರೆ. 1985ರ ಆಟದ ಒಳಗೆ ಪ್ರತಿ ಶತ್ರುವಿಗೂ ಒಂದು ಅಂಕೆ. ಹಸಿರು ಚಿಪ್ಪಿನ ಆಮೆಗೆ 0, ಕೆಂಪು ಚಿಪ್ಪಿನ ಆಮೆಗೆ 3, ಗೂಂಬಾಗೆ 6. ಕೆಂಪು, ಹಸಿರು ಆಮೆಗಳ ಚಿತ್ರ ಒಂದೇ, ಬಣ್ಣ ಮಾತ್ರ ಬೇರೆ. ಆದರೆ ಹಸಿರು ಆಮೆ ಅಂಚಿನವರೆಗೆ ನಡೆದು ಪ್ರಪಾತಕ್ಕೆ ಬೀಳುತ್ತದೆ. ಕೆಂಪು ಆಮೆ ಅಂಚಿನಲ್ಲಿ ನಿಂತು ಹಿಂದಿರುಗುತ್ತದೆ. ಬಣ್ಣವೇ ಇಲ್ಲಿ ವಿವೇಕಕ್ಕೂ ಅವಿವೇಕಕ್ಕೂ ಗುರುತು. ಸರಿ, ಬಣ್ಣ ಭೇದಕ ಎಂದು ಒಪ್ಪಿಕೊಂಡು ಮುಂದೆ ಹೋದರೆ, ನೆಲಮಾಳಿಗೆಯ ಭಾಗಗಳಲ್ಲಿ ಗೂಂಬಾ ನೀಲಿಯಾಗಿ ಕಾಣಿಸುತ್ತದೆ. ಅಂಕೆ ಅದೇ 6, ನಡತೆಯೂ ಅದೇ. ಇಲ್ಲಿ ಬಣ್ಣ ಬರೀ ಬೆಳಕಿನ ಆಟ. ಇನ್ನೂ ವಿಚಿತ್ರ ಎಂದರೆ, ಆಕಾಶದ ಮೋಡಕ್ಕೂ ನೆಲದ ಪೊದೆಗೂ ಆ ಆಟದಲ್ಲಿ ಒಂದೇ ಚಿತ್ರ. ಬಿಳಿ ಹಚ್ಚಿದರೆ ಮೋಡ, ಹಸಿರು ಹಚ್ಚಿದರೆ ಪೊದೆ. ಆಟದ ಇಡೀ ಲೋಕಕ್ಕೆ ಇದ್ದ ಜಾಗ 40 ಕಿಲೋಬೈಟು. ಬಡತನದಲ್ಲಿ ಒಂದೇ ಸೀರೆಯನ್ನು ಹಬ್ಬಕ್ಕೂ ಹಾಸಿಗೆಗೂ ಬಳಸಿದ ಹಾಗೆ, ಅವರೂ ಇದ್ದುದರಲ್ಲೇ ಸಂಸಾರ ತೂಗಿಸಿದ್ದಾರೆ. ಗೂಂಬಾ ನಡೆಯುವಂತೆ ಕಾಣುವುದೂ ಒಂದೇ ಚಿತ್ರವನ್ನು ಎಡಕ್ಕೂ ಬಲಕ್ಕೂ ಮಗುಚುವುದರಿಂದ.

ಒಳಗನ್ನು ಓದಿದರೂ ತೀರ್ಮಾನ ಬರಲಿಲ್ಲ. ಅಂಕೆ ಬೇರೆ ಇದ್ದ ಮಾತ್ರಕ್ಕೆ ಜಾತಿ ಬೇರೆಯೇ ಎಂಬ ಪ್ರಶ್ನೆಗೆ ಅಂಕೆ ಉತ್ತರ ಹೇಳುವುದಿಲ್ಲವಲ್ಲ!

ನಮ್ಮ ನೈಯಾಯಿಕರು ಇದನ್ನು ಬಹಳ ಹಿಂದೆಯೇ ಹಿಂಜಿ ನೋಡಿದ್ದಾರೆ. ಯಾವುದನ್ನು ಜಾತಿ ಎಂದು ಒಪ್ಪಬಾರದು ಎಂಬುದಕ್ಕೆ ಹತ್ತನೆಯ ಶತಮಾನದ ಉದಯನಾಚಾರ್ಯರು ಆರು ಬಾಧಕಗಳನ್ನು ಹೇಳುತ್ತಾರೆ. ಆರನ್ನೂ ಇಲ್ಲಿ ಬಿಡಿಸುತ್ತ ಕೂತರೆ ಸಂಪಾದಕರು ಕತ್ತರಿ ಹಿಡಿದಾರು. ಒಂದಕ್ಕೆ ತುಲ್ಯತ್ವ ಎಂದು ಹೆಸರು: ಘಟತ್ವ, ಕಲಶತ್ವ ಎಂದು ಎರಡು ಜಾತಿ ಮಾಡಬೇಡಿ, ಗಡಿಗೆಗಳೆಲ್ಲ ಕಲಶಗಳೇ, ಕಲಶಗಳೆಲ್ಲ ಗಡಿಗೆಗಳೇ, ಹೆಸರು ಎರಡಾದರೆ ವಸ್ತು ಎರಡಾಗದು. ಇನ್ನೊಂದಕ್ಕೆ ಸಂಕರ ಎಂದು ಹೆಸರು: ಎರಡು ಧರ್ಮಗಳು ಒಂದರ ಗಡಿಯನ್ನು ಇನ್ನೊಂದು ದಾಟಿಕೊಂಡು, ಕೆಲವು ಕಡೆ ಕೂಡಿ ಕೆಲವು ಕಡೆ ಅಗಲಿದ್ದರೆ ಅವು ಶುದ್ಧ ಜಾತಿಗಳಲ್ಲ. ಮೊಮ್ಮಗನಿಗೆ ಇಷ್ಟನ್ನು ಹೇಳಿದೆ. "ರೆಕ್ಕೆಯಿರೋ ಗೂಂಬಾನೂ ಇದೆ, ರೆಕ್ಕೆಯಿರೋ ಆಮೆನೂ ಇದೆ. ಹಾಗಾದ್ರೆ ರೆಕ್ಕೆ ಇರೋದು ಜಾತಿ ಅಲ್ಲ ಅಂತಾಯ್ತು" ಎಂದ. ಬೌದ್ಧರು, ದಿಙ್ನಾಗನೂ ಅವನ ಅನುಯಾಯಿಗಳೂ, ಜಾತಿ ಎಂಬುದೇ ಇಲ್ಲವೆಂದರು. ಹಸು ಎಂದರೆ 'ಹಸುವಲ್ಲದ್ದು ಅಲ್ಲ' ಎಂದಷ್ಟೇ ಅರ್ಥವಂತೆ. ಹುಡುಗನಿಗೆ ಇದು ಸೇರಲಿಲ್ಲ. "ಆಮೇಲೆ ಪುಟದಲ್ಲಿ ಏನು ಬರೀತಾರೆ?" ಎಂದ.

ಲೈಬ್ನಿಟ್ಸ್ ಎಂಬ ಜರ್ಮನ್ ತತ್ತ್ವಜ್ಞನ ಕಥೆಯೊಂದಿದೆ. ಪೂರ್ತಿ ಒಂದೇ ಆಗಿರುವ ಎರಡು ವಸ್ತುಗಳು ಜಗತ್ತಿನಲ್ಲಿಲ್ಲ ಎಂದು ಅವನು ವಾದಿಸಿದಾಗ, ಹೆರೆನ್‌ಹೌಸನ್ ಅರಮನೆಯ ತೋಟದಲ್ಲಿ ಒಬ್ಬ ಮಹನೀಯ ತದ್ರೂಪವಾದ ಎರಡು ಎಲೆಗಳಿಗಾಗಿ ಹುಡುಕಾಡಿ ಸೋತನಂತೆ. ಆಟದೊಳಗಿನ ಶತ್ರುಗಳು ಇದಕ್ಕೆ ಪ್ರತ್ಯುದಾಹರಣೆ ಎಂದು ನನಗೆ ಹೊಳೆಯಿತು. ಸಾಲಾಗಿ ಬರುವ ಎರಡು ಗೂಂಬಾಗಳ ನಡುವೆ ನಿಂತ ಜಾಗವನ್ನು ಬಿಟ್ಟರೆ ಎಳ್ಳಷ್ಟೂ ಭೇದವಿಲ್ಲ. ನಿಜವಾದ ಜೀವಿಗಳಲ್ಲಿ ವ್ಯಕ್ತಿ ಮೊದಲು, ಜಾತಿ ಆಮೇಲೆ ನಾವು ಕಟ್ಟಿದ್ದು. ಅಲ್ಲಿ ಜಾತಿಯೇ ಮೊದಲು, ವ್ಯಕ್ತಿ ಅದರ ಅಚ್ಚಿನಿಂದ ಬಿದ್ದ ಪ್ರತಿ. ಪ್ಲೇಟೋ ಕಂಡ ಲೋಕ ಕೊನೆಗೆ ಮಕ್ಕಳ ಆಟದಲ್ಲಿ ನಿಜವಾಯಿತೋ ಏನೋ.

ಆದರೆ 1980ರ ಪ್ಯಾಕ್‌ಮನ್ ಆಟವನ್ನು ನೋಡಿ. ತೋರು ಇವಾತಾನಿ ಎಂಬವರು ನಾಮ್ಕೊ ಸಂಸ್ಥೆಗಾಗಿ ಮಾಡಿದ್ದು. ನಾಲ್ಕು ದೆವ್ವಗಳು, ಒಂದೇ ಆಕಾರ, ಬಣ್ಣ ಮಾತ್ರ ನಾಲ್ಕು. ಕೆಂಪು ದೆವ್ವ ನಾಯಕನ ಬೆನ್ನು ಹತ್ತುತ್ತದೆ. ಗುಲಾಬಿಯದು ಅವನ ಮುಂದಿನ ದಾರಿಗೆ ಗುರಿಯಿಟ್ಟು ಹೊಂಚು ಹಾಕುತ್ತದೆ. ನೀಲಿಯದು ಕೆಂಪಿನದು ಎಲ್ಲಿದೆ ಎಂದು ನೋಡಿಕೊಂಡು ತನ್ನ ಲೆಕ್ಕ ಹಾಕುತ್ತದೆ. ಕಿತ್ತಳೆಯದು ದೂರದಿಂದ ಅಟ್ಟಿಸಿಕೊಂಡು ಬಂದು, ಹತ್ತಿರವಾದ ಕೂಡಲೇ ಮನಸ್ಸು ಬದಲಾಯಿಸಿ ತನ್ನ ಮೂಲೆಗೆ ಹೊರಟುಬಿಡುತ್ತದೆ. ನಮ್ಮ ನೆಂಟರಲ್ಲೂ ಇಂಥವರನ್ನು ನಾನು ಬಲ್ಲೆ. ಜಪಾನಿಯಲ್ಲಿ ಅವಕ್ಕೆ ಬೆನ್ನಟ್ಟುವವನು, ಹೊಂಚುವವನು, ಚಂಚಲ, ಏನೂ ತಿಳಿಯದವನಂತೆ ನಟಿಸುವವನು ಎಂದು ಸ್ವಭಾವದಿಂದಲೇ ಹೆಸರು. ನಾಯಕ ದೊಡ್ಡ ಗುಳಿಗೆ ನುಂಗಿ ಬಲಗೊಂಡಾಗ ಮಾತ್ರ ನಾಲ್ಕೂ ಕಡುನೀಲಿಯಾಗಿ ದಿಕ್ಕುಗೆಟ್ಟು ಓಡುತ್ತವೆ. ಹೆದರಿದಾಗ ನಾಲ್ಕರ ನಡತೆಯೂ ಒಂದೇ. ಬಣ್ಣವೂ ಒಂದೇ.

ಇಷ್ಟೆಲ್ಲ ನೋಡಿದ ಮೇಲೆ ನನ್ನ ಸಂದೇಹ ಬೇರೆ ಕಡೆ ತಿರುಗಿತು. ಈ ಎರಡು ಶತ್ರುಗಳು ಒಂದೋ ಎರಡೋ ಎಂದು ಕೇಳುತ್ತೇವೆ, ಶತ್ರು ಎಂಬ ಮಾತನ್ನು ಯಾರೂ ಕೇಳುವುದಿಲ್ಲ. ಅದನ್ನು ಮೊದಲೇ ಹಣೆಗೆ ಹಚ್ಚಿಯಾಗಿದೆ. 1985ರ ಆಟದ ಜೊತೆ ಬಂದ ಪುಸ್ತಿಕೆಯ ಪ್ರಕಾರ ಗೂಂಬಾ ಮೂಲತಃ ಆ ಅಣಬೆ ರಾಜ್ಯದ್ದೇ ಅಣಬೆ, ದ್ರೋಹ ಬಗೆದು ಆ ಕಡೆಗೆ ಹೋದದ್ದು. ರಾಜ್ಯದ ಸಾಧುಪ್ರಜೆಗಳನ್ನು ಮಾಟದಿಂದ ಕಲ್ಲು, ಇಟ್ಟಿಗೆ, ಗಿಡಗಳನ್ನಾಗಿ ಮಾಡಲಾಗಿದೆ ಎಂದೂ ಅದರಲ್ಲಿದೆ. ಆಡುವ ಹುಡುಗರೋ ಆ ಇಟ್ಟಿಗೆಗಳನ್ನು ತಲೆಯಿಂದ ಗುದ್ದಿ ಪುಡಿ ಮಾಡುತ್ತ ಹೋಗುತ್ತಾರೆ! 2000ದ ಪೇಪರ್ ಮಾರಿಯೋ ಆಟದಲ್ಲಿ ಗೂಂಬಾಗಳ ಒಂದು ಹಳ್ಳಿಯೇ ಇದೆ, ತಾತ ಅಜ್ಜಿಯರ ಸಮೇತ. ಅಲ್ಲಿಯ ಒಬ್ಬ ಹುಡುಗ ನಾಯಕನ ಜೊತೆಗಾರನಾಗಿ ಹೊರಡುತ್ತಾನೆ. 2015ರಲ್ಲಿ ಟೋಬಿ ಫಾಕ್ಸ್ ಎಂಬವರು ಮಾಡಿದ ಅಂಡರ್‌ಟೇಲ್ ಎಂಬ ಆಟದಲ್ಲಿ ಎದುರಾದವರನ್ನೆಲ್ಲ ಕೊಲ್ಲದೆ ಬಿಡಬಹುದು. ಕೊಂದು ಗಳಿಸಿದ್ದನ್ನು 'ಅನುಭವ' ಎಂದು ಆಡುವವನು ತಿಳಿದಿರುತ್ತಾನೆ. ಅದು ಕೊಲೆಯ ಲೆಕ್ಕ ಎಂದು ಕೊನೆಗೆ ತಿಳಿಸುತ್ತಾರೆ. ಶತ್ರುತ್ವ ಹಸುವಿನಲ್ಲಿ ಹಸುತನ ಇರುವಂತೆ ವಸ್ತುವಿನೊಳಗೆ ಕೂತಿರುವುದಲ್ಲ. ಅಣ್ಣ ತಮ್ಮ, ಸಾಲಗಾರ ಸಾಹುಕಾರ ಎಂಬಂತೆ ಇಬ್ಬರ ನಡುವೆ ಇರುವುದು. ಪಟ್ಟಿ ಬರೆಯುವಾಗ ಮಾತ್ರ ಅದೂ ಒಂದು ಜಾತಿಯಾಗಿ ಹೋಗುತ್ತದೆ.

ಈಗ ನನ್ನ ವಿಚಾರ. 1974ರ ಸುಮಾರಿಗೆ ನಾನು ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಪಡಿತರ ಚೀಟಿಗಳ ರಿಜಿಸ್ಟರಿನಲ್ಲಿ ಎರಡೆರಡು ಸಲ ಬಂದ ಹೆಸರುಗಳನ್ನು ಹೊಡೆದುಹಾಕುವ ಕೆಲಸ ನನಗೆ ಬಂತು. ಉತ್ಸಾಹದ ವಯಸ್ಸು. ಒಂದೇ ಬೀದಿಯಲ್ಲಿ ಒಂದೇ ಹೆಸರಿನ ಇಬ್ಬರು ಹೆಂಗಸರು, ಇಬ್ಬರ ಗಂಡಂದಿರ ಹೆಸರೂ ಒಂದೇ, ಇಬ್ಬರದೂ ಹೆಬ್ಬೆಟ್ಟು. ಮನೆಯ ನಂಬರು ಒಂದರಲ್ಲಿ ಇರಲಿಲ್ಲ. ತುಲ್ಯತ್ವ! ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿದೆ. ಬೀದಿಗೆ ಹೋಗಿ ನೋಡಬಹುದಾಗಿತ್ತು, ನಡೆದರೆ ಹತ್ತು ನಿಮಿಷದ ದಾರಿ.

ಒಂದು ತಿಂಗಳಾದ ಮೇಲೆ ಒಬ್ಬ ಹೆಂಗಸು ಬಂದು ಮೇಜಿನ ಮುಂದೆ ನಿಂತಳು. ಅಂಗಡಿಯವನು ಅಕ್ಕಿ ಕೊಡುವುದಿಲ್ಲ ಎನ್ನುತ್ತಾನೆ ಎಂದಳು. ನಾನು ರಿಜಿಸ್ಟರು ತಿರುಗಿಸಿ, "ನಿಮ್ಮ ಹೆಸರು ಇದೆಯಲ್ಲಮ್ಮ, ಇಲ್ಲೇ ಇದೆ" ಎಂದು ಉಳಿದಿದ್ದ ಸಾಲನ್ನು ತೋರಿಸಿದೆ. ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೂ ಬಗ್ಗಿ ನೋಡಿದಳು. "ಅದು ಅವಳು ಸ್ವಾಮಿ. ನಾನು ನಾನು" ಎಂದಳು.

ಅವಳು ಬೇರೆ ಎಂಬುದಕ್ಕೆ ಪುರಾವೆ ತರಬೇಕಾಯಿತು. ಪಟೇಲರ ಕಾಗದ, ಗಂಡನ ಕಾಗದ, ಮೇಲಿನವರ ಅಪ್ಪಣೆ. ನಾನು ಒಂದು ಗೆರೆಗೆ ತೆಗೆದುಕೊಂಡದ್ದು ಅರ್ಧ ನಿಮಿಷ, ಅದನ್ನು ಅಳಿಸುವುದಕ್ಕೆ ಹಿಡಿದದ್ದು ನಾಲ್ಕು ತಿಂಗಳು. ಮೇಲಧಿಕಾರಿಗಳು ನನ್ನನ್ನು ಗದರಿಸಲೂ ಇಲ್ಲ. ಪಟ್ಟಿ ಚಿಕ್ಕದಾಯಿತೆಂದು ಅವರಿಗೆ ಸಂತೋಷವೇ ಆಗಿತ್ತು.

ಇದನ್ನು ಮೊಮ್ಮಗನಿಗೆ ಹೇಳಬೇಕೆಂದು ಹೊರಟದ್ದಲ್ಲ, ಮಾತಿಗೆ ಮಾತು ಬಂದು ಹೇಳಿಬಿಟ್ಟೆ. ಅವನು ಆ ಎರಡು ಪುಟಗಳನ್ನು ಮುಚ್ಚಿ ಸುಮ್ಮನೆ ಕೂತಿದ್ದ. ಸ್ವಲ್ಪ ಹೊತ್ತಾದ ಮೇಲೆ ಕೇಳಿದ: "ನಾಲ್ಕು ತಿಂಗಳ ಅಕ್ಕಿ ಆಮೇಲೆ ಕೊಟ್ರಾ ತಾತ?"

"ಇಲ್ಲ ಕಣೋ. ಹಿಂದಿನದನ್ನು ಕೊಡೋ ಪದ್ಧತಿ ಇರಲಿಲ್ಲ."

"ಮತ್ತೆ ಅವರು ಏನು ತಿಂದ್ರು?"

ಅದನ್ನು ನಾನು ಆಗ ಕೇಳಿರಲಿಲ್ಲ.