ಗೆರೆ ಮೂಡಿದ ಮೇಲೆ

ಸಕ್ರೆಬೈಲಿನ ಬಿಡಾರದಲ್ಲಿ ಆನೆ ಮಂಕಾದರೆ ಲದ್ದಿ ಹೇಗಿದೆ, ಮೂತ್ರ ಹೇಗಿದೆ ಎಂದು ನೋಡುತ್ತಾರೆ. ಎಲ್ಲಿ ನೋವು ಎಂದು ಅದು ಬಾಯಿಬಿಟ್ಟು ಹೇಳುವುದಿಲ್ಲವಲ್ಲ. ಮನುಷ್ಯನ ಶ್ವಾಸಕೋಶವೂ ಅಂಥದೇ ಮೂಕಪ್ರಾಣಿ. ಅದರೊಳಗೆ ನೋವು ತಿಳಿಸುವ ನರಗಳು ಇಲ್ಲವೆನ್ನುವಷ್ಟು ಕಡಿಮೆ. ಗಡ್ಡೆ ಬೆಳೆದು ಹೊರಪೊರೆಗೋ ಎಲುಬಿಗೋ ತಾಗುವವರೆಗೆ ಎಷ್ಟೋ ಜನರಿಗೆ ಸುಳಿವೇ ಸಿಗದು. ನಮ್ಮಲ್ಲಿ ಶ್ವಾಸಕೋಶ ಕ್ಯಾನ್ಸರ್ ಹೆಚ್ಚಾಗಿ ಮೂರನೆಯ, ನಾಲ್ಕನೆಯ ಹಂತದಲ್ಲೇ ಪತ್ತೆಯಾಗುತ್ತದೆ.

ಅಮೆರಿಕದ ಎಂಐಟಿಯಲ್ಲಿ ಭಾರತೀಯ ಮೂಲದ ಸಂಗೀತಾ ಭಾಟಿಯಾ ಅವರ ತಂಡ 2024ರ ಜನವರಿಯಲ್ಲಿ ಇದನ್ನು ಬೇಗ ಪತ್ತೆಹಚ್ಚುವ ಹೊಸ ದಾರಿಯೊಂದನ್ನು ತೋರಿಸಿತು. ಅತಿಸೂಕ್ಷ್ಮ ಕಣಗಳನ್ನು ಉಸಿರಿನೊಂದಿಗೆ ಎಳೆದುಕೊಳ್ಳಬೇಕು. ಒಳಗೆ ಗಡ್ಡೆಯಿದ್ದರೆ ಅದರ ಕಿಣ್ವಗಳು ಆ ಕಣಗಳಿಗೆ ಅಂಟಿಸಿದ ಡಿಎನ್‌ಎ ತುಣುಕುಗಳನ್ನು ಕತ್ತರಿಸಿ ಬಿಡಿಸುತ್ತವೆ. ತುಣುಕುಗಳು ರಕ್ತಕ್ಕಿಳಿದು ಮೂತ್ರದಲ್ಲಿ ಹೊರಬರುತ್ತವೆ. ಕಾಗದದ ಪಟ್ಟಿಯ ಮೇಲೆ ಸುಮಾರು 20 ನಿಮಿಷದಲ್ಲಿ ಗೆರೆ ಮೂಡುತ್ತದೆ. ದೊಡ್ಡ ಯಂತ್ರ ಬೇಡ, ಪ್ರಯೋಗಾಲಯ ಬೇಡ. ಆದರೆ ಆ ತಂಡದ ವರದಿಯಲ್ಲಿ ಇದು ಗೆದ್ದದ್ದು ಇಲಿಗಳಲ್ಲಿ, ಮನುಷ್ಯರಲ್ಲಲ್ಲ.

ಸದ್ಯಕ್ಕೆ ಖಚಿತವಾಗಿ ಫಲ ಕಂಡಿರುವುದು ಕಡಿಮೆ ವಿಕಿರಣದ ಸಿ.ಟಿ. ಸ್ಕ್ಯಾನ್. ಅಮೆರಿಕದಲ್ಲಿ 53 ಸಾವಿರಕ್ಕೂ ಹೆಚ್ಚು ಹಾಲಿ, ಮಾಜಿ ಧೂಮಪಾನಿಗಳ ಮೇಲೆ ನಡೆದ ಅಧ್ಯಯನದಲ್ಲಿ ಎದೆಯ ಎಕ್ಸ್-ರೇಗಿಂತ ಇದರಿಂದ ಶ್ವಾಸಕೋಶ ಕ್ಯಾನ್ಸರಿನ ಸಾವು ಶೇ. 20ರಷ್ಟು ತಗ್ಗಿದ್ದು 2011ರಲ್ಲಿ ಪ್ರಕಟವಾಯಿತು. ನಮ್ಮ ಹಳ್ಳಿಗಳಿಗೆ ಈ ಯಂತ್ರ ದೂರ. ಹಳೆಯ ಕ್ಷಯದ ಕಲೆಗಳು ಚಿತ್ರದಲ್ಲಿ ಗೊಂದಲ ಹುಟ್ಟಿಸುವುದು ಬೇರೆ.

ಬೀಡಿ ಸೇದದವರಿಗೆ ಶ್ವಾಸಕೋಶ ಕ್ಯಾನ್ಸರಿನ ಭಯವಿಲ್ಲ ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಮಲೆನಾಡಿನಲ್ಲಿ ಅಡುಗೆಗೆ ಗ್ಯಾಸ್ ಬಂದರೂ ಬಚ್ಚಲ ಹಂಡೆಗೆ ಸೌದೆ ತಪ್ಪಿಲ್ಲ. ಅಡಿಕೆ ಬೇಯಿಸುವ ಒಲೆಗೂ ಸೌದೆಯೇ. ಮನೆಯೊಳಗಿನ ಸೌದೆ ಹೊಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಬಹುಶಃ ಕ್ಯಾನ್ಸರ್‌ಕಾರಕ ಎಂದು ಗುರುತಿಸಿದೆ. ಕಬ್ಬಿಣ, ಉಕ್ಕಿನ ಎರಕದ ಕೆಲಸವನ್ನಂತೂ ಖಚಿತ ಕಾರಣಗಳ ಪಟ್ಟಿಗೇ ಸೇರಿಸಿದೆ. 1923ರಿಂದ ಕಬ್ಬಿಣ ಕರಗಿಸಿದ ಭದ್ರಾವತಿಗೆ ಇದು ಪರದೇಶದ ಸುದ್ದಿಯಲ್ಲ.

ಆಶಾ ಕಾರ್ಯಕರ್ತೆ 30 ದಾಟಿದವರ ಮನೆಗೆ ತರುವ ನಮೂನೆಯಲ್ಲಿ ಈ ಪ್ರಶ್ನೆಗಳು ಈಗಾಗಲೇ ಇವೆ: ಬೀಡಿ, ಹೊಗೆಸೊಪ್ಪು ಉಂಟೇ? ಯಾವ ಉರುವಲು? ಹೊಗೆ, ಧೂಳಿನ ಕೆಲಸವೇ? ಎರಡು ವಾರ ಮೀರಿದ ಕೆಮ್ಮೇ? ಕಫದಲ್ಲಿ ರಕ್ತವೇ? ಆದರೆ ಆ ನಮೂನೆಯ ಹಿಂದಿರುವ ಸರ್ಕಾರಿ ಕಾರ್ಯಕ್ರಮ ತಪಾಸಣೆ ಮಾಡುವ ಕ್ಯಾನ್ಸರುಗಳು ಮೂರೇ: ಬಾಯಿ, ಸ್ತನ, ಗರ್ಭಕೊರಳು. ಶ್ವಾಸಕೋಶ ಅದರಲ್ಲಿಲ್ಲ.

ನಾಳೆ ಮೂತ್ರದ ಪಟ್ಟಿ ಹಳ್ಳಿಗೆ ಬಂದಿತೆನ್ನೋಣ. ಗೆರೆ ಮೂಡಿದವರಿಗೆ ಸ್ಕ್ಯಾನ್ ಬೇಕು, ಸೂಜಿ ಚುಚ್ಚಿ ತೆಗೆದ ತುಣುಕಿನ ಪರೀಕ್ಷೆ ಬೇಕು, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಬೇಕಾದರೆ ಬಸ್ ಚಾರ್ಜು, ಜೊತೆಗೊಬ್ಬರು, ಬಿಟ್ಟ ಕೂಲಿಗೆ ಬದಲಿ ಬೇಕು. ಇವಿಲ್ಲದೆ ಮೂಡಿದ ಗೆರೆ ಭಯವನ್ನಷ್ಟೇ ಕೊಡುತ್ತದೆ. ಪಟ್ಟಿಗಾಗಿ ಕಾಯುವ ವರ್ಷಗಳಲ್ಲಿ ಸರ್ಕಾರ ಈ ದಾರಿಯನ್ನು ಸಿದ್ಧಪಡಿಸಿಡಬೇಕು.

ನಾವು ಮಾಡಬಹುದಾದದ್ದು ಇಷ್ಟು. ಆಶಾ ಕೇಳಿದಾಗ ಬಚ್ಚಲೊಲೆಯ ಸೌದೆಯನ್ನೂ ಹೇಳಿ. ಕೆಮ್ಮು ಎರಡು ವಾರ ಮೀರಿದರೆ ಕಫ ಪರೀಕ್ಷೆ ಮಾಡಿಸಿ. ಕ್ಷಯವಿಲ್ಲವೆಂದು ಬಂದರೂ ಕೆಮ್ಮು ಬಿಡದಿದ್ದರೆ, ಕ್ಷಯದ ಮಾತ್ರೆಗೂ ಬಗ್ಗದಿದ್ದರೆ, ಸ್ಕ್ಯಾನ್ ಬೇಕೇ ಎಂದು ವೈದ್ಯರನ್ನು ಕೇಳಲು ಸಂಕೋಚಪಡಬೇಡಿ.