ಸಭೆಯನ್ನು ಬಿಡುವ ಹೊತ್ತು

ಕ್ರೈಸ್ತಸಭೆಯನ್ನು ಬಿಡಬೇಕಾದ ಹೊತ್ತು ಯಾವುದೆಂದು ಯೋಚಿಸುವಾಗ ನಮಗೆ ತಮಿಳು ವಿದ್ವಾಂಸ ಜಿ. ಯು. ಪೋಪರ ನೆನಪಾಗುತ್ತದೆ. 1839ರಲ್ಲಿ ವೆಸ್ಲಿಯನ್ ಮಿಷನರಿಯಾಗಿ ಬಂದ ಅವರು ಕೆಲವೇ ವರ್ಷಗಳಲ್ಲಿ ಆಂಗ್ಲಿಕನ್ ಸಭೆಯನ್ನು ಸೇರಿದರು; ಮುಂದೆ ಉದಕಮಂಡಲದಲ್ಲಿ ಶಾಲೆ ನಡೆಸಿದರು. ಒಂದು ಬಾಗಿಲು ದಾಟಿದವರಿಗೆ ಇನ್ನೊಂದು ತೆರೆದಿತ್ತು.

ಕೇತಿಯ ಬಡಗ ಕ್ರೈಸ್ತರ ಸಂಗತಿ ಬೇರೆ. 1846ರಲ್ಲಿ ಅಲ್ಲಿ ನೆಲೆಯೂರಿದ ಬಾಸೆಲ್ ಮಿಷನ್ನಿನ ಕರೆಗೆ ಓಗೊಟ್ಟ ಹಿರಿಯರು ಹಟ್ಟಿಯ ನಂಟನ್ನೇ ತೆತ್ತು ಸಭೆಗೆ ಬಂದವರು. ಅವರ ಸಂತತಿಯವನೊಬ್ಬ ಸಭೆಯನ್ನು ಬಿಟ್ಟರೆ ಮದುವೆಗೆ ಯಾರು, ಮಣ್ಣಿಗೆ ಯಾರು? ಪಾದ್ರಿಯ ಮೇಲಣ ಮುನಿಸಿಗೆ ಇಷ್ಟು ಬೆಲೆ ತೆರಬೇಕಿಲ್ಲ. ಪಾದ್ರಿಗಳು ಹೇಗೂ ವರ್ಗವಾಗಿ ಹೋಗುತ್ತಾರೆ! ಆದರೆ ವಿಶ್ವಾಸಪ್ರಮಾಣವನ್ನು ಹೇಳುವಾಗ ಪ್ರತಿ ಭಾನುವಾರವೂ ನಾಲಗೆ ಮನಸ್ಸಿಗೆ ಸುಳ್ಳಾಗುತ್ತಿದ್ದರೆ, ಉಳಿದಿರುವುದನ್ನು ನಾವು ನಿಷ್ಠೆಯೆನ್ನಲಾರೆವು. ಅಂಥವನು ಹೊರಡಲಿ, ಹೊರಡುವ ಮುನ್ನ ಮನೆಯ ಹಿರಿಯರೆದುರು ಕುಳಿತು ಕಾರಣವನ್ನು ಹೇಳಲಿ. ಅವರ ಪೂರ್ವಿಕರೂ ಒಮ್ಮೆ ಹಟ್ಟಿಯಲ್ಲಿ ಹಾಗೆ ಕುಳಿತಿದ್ದಿರಬೇಕು.