ಮಗಳ ಉಪವಾಸವೂ ತಾಯಿಯ ನುಡಿಯೂ

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ದಶಲಕ್ಷಣ ಪರ್ವವು ನಡೆಯುವಾಗ ಶ್ರಾವಕರ ಮನೆಗಳಲ್ಲಿ ಏಕಾಶನ, ಉಪವಾಸ, ರಸಪರಿತ್ಯಾಗಗಳು ಸಹಜವಾಗಿಯೇ ಹೆಚ್ಚುತ್ತವೆ. ಹಲಸೂರು, ಇಂದಿರಾನಗರ, ಕೃಷ್ಣರಾಜಪುರಗಳ ಕಡೆ, ಶಾಲೆ ಮತ್ತು ಕಚೇರಿಗಳ ವೇಳೆಯೇ ದಿನಚರಿಯನ್ನು ಆಳುವ ಮನೆಗಳಲ್ಲಿಯೂ, ಹದಿನೈದು ಹದಿನಾರರ ಮಗಳು “ಅಮ್ಮ, ಈ ಸಲ ನಾನೂ ಏಕಾಶನ ಮಾಡುತ್ತೇನೆ” ಎಂದರೆ ತಾಯಿಯ ಹೃದಯವು ಉಬ್ಬುವುದು ತಪ್ಪಲ್ಲ. ಆದರೆ ಆ ಸಂತೋಷದ ಗಳಿಗೆಯಲ್ಲಿಯೇ ಆಕೆ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಮಗಳು ತೊರೆಯಬಯಸುತ್ತಿರುವುದು ಆಹಾರದ ಮೇಲಣ ಆಸಕ್ತಿಯನ್ನೋ, ಕನ್ನಡಿಯಲ್ಲಿ ಕಾಣುವ ತನ್ನ ಶರೀರವನ್ನೋ?

ವ್ರತಿಯಾದವನು ನಿಃಶಲ್ಯನಾಗಿರಬೇಕೆಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ತಿಳಿಸಿದ್ದಾರೆ. ಶಲ್ಯವೆಂದರೆ ಒಳಹೊಕ್ಕು ಚುಚ್ಚುತ್ತಿರುವ ಮುಳ್ಳು. ಮಾಯಾ, ಮಿಥ್ಯಾ, ನಿದಾನ ಎಂದು ಅದು ಮೂರು ಬಗೆ. ವ್ರತದ ಫಲವಾಗಿ ಲೌಕಿಕ ಸುಖವನ್ನು ಬಯಸುವುದು ನಿದಾನ; ತೆಳ್ಳಗಾಗಿ ಗೆಳತಿಯರ ನಡುವೆ ಮೆಚ್ಚುಗೆ ಪಡೆಯಬೇಕೆಂಬ ಉಪವಾಸವು ಇದೇ ಜಾತಿಯದು. “ಇಂದು ಅಷ್ಟಮಿ, ಊಟ ಬೇಡ” ಎಂದು ಹೇಳಿ ನಿಜವಾದ ಕಾರಣವನ್ನು ಮರೆಮಾಚುವುದು ಮಾಯೆ. ದೇಹವೇ ತಾನು, ಅದರ ತೂಕವೇ ತನ್ನ ಬೆಲೆ ಎಂಬ ಬುದ್ಧಿ ಮಿಥ್ಯಾತ್ವ. ಒಂದು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ ಮಾತ್ರಕ್ಕೆ ಮೂರು ಮುಳ್ಳುಗಳೂ ಒಟ್ಟಿಗೆ ನಾಟುತ್ತವೆ. ಅಲ್ಲಿ ಹಸಿವುಂಟು, ನಿರ್ಜರೆಯಿಲ್ಲ.

ಈ ಮುಳ್ಳುಗಳನ್ನು ಬಿತ್ತುವವರಾರು? ಪೇಟೆಯೆಂದು ಹೇಳುವುದು ಸುಲಭ, ಅದು ಸುಳ್ಳೂ ಅಲ್ಲ. ಫೇರ್ ಅಂಡ್ ಲವ್ಲಿ ಎಂಬ ಲೇಪನವು 1975ರಲ್ಲಿ ಮಾರುಕಟ್ಟೆಗೆ ಬಂದು, 2020ರಲ್ಲಿ ಹೆಸರಿನಿಂದ ‘ಫೇರ್’ ಎಂಬ ಪದವನ್ನು ಕಳಚುವವರೆಗೆ, ಎರಡು ತಲೆಮಾರಿನ ಹೆಣ್ಣುಮಕ್ಕಳು ಬಿಳುಪೇ ಚೆಲುವೆಂಬ ಪಾಠವನ್ನು ಕೇಳಿದರು. 1996ರ ನವೆಂಬರ್ 23ರಂದು ದಂಡುಪ್ರದೇಶದ ಅಂಚಿನಲ್ಲಿರುವ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆಯು ನಡೆದಾಗ ಹೊರಗೆ ಪ್ರತಿಭಟನೆಗಳೂ ಪೊಲೀಸರ ಭಾರಿ ಕಾವಲೂ ಇದ್ದವು. ಇಂದು ಆ ಸ್ಪರ್ಧೆಗೆ ಕ್ರೀಡಾಂಗಣ ಬೇಕಿಲ್ಲ, ಕೈಯಲ್ಲಿರುವ ದೂರವಾಣಿಯೇ ಸಾಕು. ಆದರೂ ಪೇಟೆಯ ಮಾತು ಮಗಳ ಎದೆಗೆ ಇಳಿಯಬೇಕಾದರೆ ಮನೆಯ ಮಾತು ಅದಕ್ಕೆ ಮೊಹರು ಹಾಕಬೇಕು. ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆಯಂಗಡಿಯಲ್ಲಿ ತಾಯಿಯು “ಈ ಬಣ್ಣ ಬೇಡ ಮಗು, ಇನ್ನೂ ಕಪ್ಪಾಗಿ ಕಾಣುತ್ತೀಯ” ಎನ್ನುವಳು. ನಂಟರ ಮುಂದೆ “ಹೀಗೇ ದಪ್ಪಗಾದರೆ ಗಂಡು ಸಿಕ್ಕಹಾಗೇ” ಎಂದು ನಗುವಳು. ತನ್ನ ಹೊಟ್ಟೆಯನ್ನೇ ಹಿಡಿದುಕೊಂಡು ತನ್ನನ್ನೇ ಹಳಿದುಕೊಳ್ಳುವಳು. ಮಗಳು ಅದನ್ನೂ ಕಲಿಯುವಳು. ಇವು ದುಷ್ಟ ತಾಯಂದಿರ ಮಾತುಗಳಲ್ಲ. ತಮ್ಮ ತಾಯಂದಿರಿಂದ ಕೇಳಿದ್ದನ್ನೇ ಪ್ರೀತಿಯಿಂದ ದಾಟಿಸುವವರ ಮಾತುಗಳು.

ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನವು ಇದಕ್ಕೆ ಹೊಂದಿಬರುತ್ತದೆ. ತಂದೆತಾಯಿಗಳು ತೂಕವನ್ನು ಕುರಿತು ಮಾತನಾಡುವ ಮನೆಗಳಲ್ಲಿ ಹರೆಯದವರು ಅಪಾಯಕರ ರೀತಿಯಲ್ಲಿ ಅನ್ನ ಬಿಡುವುದು ಹೆಚ್ಚು, ಒಳ್ಳೆಯ ಆಹಾರವನ್ನು ಕುರಿತು ಮಾತ್ರ ಮಾತನಾಡುವ ಮನೆಗಳಲ್ಲಿ ಅದು ಕಡಿಮೆ ಎಂದು ಅವರು ಕಂಡರು.

ದೇಹವು ಅಶುಚಿಯೆಂದು ಅನುಪ್ರೇಕ್ಷೆಯೇ ಹೇಳುವಾಗ ಅದನ್ನು ಹಳಿದರೆ ದೋಷವೇನು ಎಂದು ಕೆಲವರು ಕೇಳಬಹುದು. ಅಶುಚಿಭಾವನೆಯು ಎಲ್ಲ ಶರೀರಗಳಿಗೂ ಸಮ. ವಿಶ್ವಸುಂದರಿಯ ಶರೀರಕ್ಕೂ ಅದು ಅಷ್ಟೇ ಸಲ್ಲುತ್ತದೆ. ಮೋಹವನ್ನು ಕರಗಿಸಲೆಂದು ಹೇಳಿದ್ದನ್ನು ಒಬ್ಬ ಹುಡುಗಿಯ ಸೊಂಟದ ಮೇಲೆ ಪ್ರಯೋಗಿಸುವುದು ಶಾಸ್ತ್ರವಲ್ಲ. ಸ್ವಭಾವದಿಂದ ಅಶುಚಿಯಾದ ಕಾಯವೂ ರತ್ನತ್ರಯದಿಂದ ಪವಿತ್ರವಾಗುವುದೆಂದು ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ನಿರ್ವಿಚಿಕಿತ್ಸಾ ಅಂಗವನ್ನು ವಿವರಿಸುವಾಗ ಹೇಳಿದ್ದಾರೆ. ಆ ಅಂಗಕ್ಕೆ ಉದಾಹರಣೆಯಾದ ಉದ್ದಾಯನ ಮಹಾರಾಜನು ರೋಗಗ್ರಸ್ತ ಮುನಿಯ ವಾಂತಿಯನ್ನು ಅಸಹ್ಯಪಡದೆ ತೊಳೆದನು. ಪರರ ರೋಗಿಷ್ಠ ಶರೀರಕ್ಕೇ ಜುಗುಪ್ಸೆ ಸಲ್ಲದಿರುವಾಗ ಹೆತ್ತ ಮಗಳ ಆರೋಗ್ಯವಂತ ಶರೀರಕ್ಕೆ ಅದು ಹೇಗೆ ಸಲ್ಲುವುದು? ಅದೇ ಗ್ರಂಥದಲ್ಲಿ ಎಣಿಸಿದ ಎಂಟು ಮದಗಳಲ್ಲಿ ಶರೀರಮದವೂ ಇದೆ, ತಪೋಮದವೂ ಇದೆ. “ಎಷ್ಟು ಉಪವಾಸ ಮಾಡಿದೆ?” ಎಂದು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಕೇಳುವ ಹಿರಿಯರು ಇದನ್ನು ನೆನೆಯುವುದು ಒಳಿತು.

ತೀರ್ಥಂಕರಪ್ರಕೃತಿಗೆ ಕಾರಣವಾದ ಹದಿನಾರು ಭಾವನೆಗಳಲ್ಲಿ ತಪಸ್ಸಿಗೆ ‘ಶಕ್ತಿತಃ’ ಎಂಬ ವಿಶೇಷಣವು ಸುಮ್ಮನೆ ಸೇರಿಲ್ಲ. ಆದಿನಾಥ ಸ್ವಾಮಿಯೊಡನೆ ಕೇವಲ ಸ್ವಾಮಿಭಕ್ತಿಯಿಂದ ದೀಕ್ಷೆಗೊಂಡ ನಾಲ್ಕು ಸಾವಿರ ರಾಜರು ಹಸಿವು ತೃಷೆಗಳನ್ನು ತಾಳಲಾರದೆ ಭ್ರಷ್ಟರಾದ ಕಥೆಯು ಆದಿಪುರಾಣವನ್ನು ಬಲ್ಲ ಮನೆಗಳಿಗೆ ಹೊಸದಲ್ಲ. ಸಮಂತಭದ್ರರೇ ಭಸ್ಮಕ ವ್ಯಾಧಿಗೆ ತುತ್ತಾಗಿ ಸಲ್ಲೇಖನವನ್ನು ಬೇಡಿದಾಗ ಗುರುಗಳು ಒಪ್ಪದೆ, ಮೊದಲು ರೋಗವನ್ನು ನೀಗಿಕೊಳ್ಳುವಂತೆ ಆಜ್ಞಾಪಿಸಿದರೆಂದು ಪರಂಪರೆಯು ಹೇಳುತ್ತದೆ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರಂತೂ ಉಪವಾಸಕ್ಕೆ ಅಶಕ್ತರಾದವರಿಗೆ ನೀರು ಮಾತ್ರ ಸೇವಿಸುವ ಅನುಪವಾಸವನ್ನೂ, ಅದಕ್ಕೂ ಅಶಕ್ತರಾದವರಿಗೆ ಆಚಾಮ್ಲಾದಿ ಸರಳಾಹಾರವನ್ನೂ ಸಾಗಾರಧರ್ಮಾಮೃತದಲ್ಲಿ ವಿಧಿಸಿದ್ದಾರೆ. ಮೆಟ್ಟಿಲುಗಳನ್ನು ಆಚಾರ್ಯರೂ ಪಂಡಿತರೂ ಕಟ್ಟಿಟ್ಟಿದ್ದಾರೆ; ಮಕ್ಕಳನ್ನು ನೇರವಾಗಿ ಶಿಖರಕ್ಕೆ ಎಸೆಯುವ ಅಗತ್ಯವಿಲ್ಲ. 2016ರ ಅಕ್ಟೋಬರ್‌ನಲ್ಲಿ ಹೈದರಾಬಾದಿನ ಜೈನ ಮನೆತನವೊಂದರ ಹದಿಮೂರು ವರ್ಷದ ಬಾಲಕಿಯು 68 ದಿನಗಳ ಉಪವಾಸದ ಬಳಿಕ ತೀರಿಕೊಂಡಳು. ಆಮ್ನಾಯಭೇದವನ್ನು ಮುಂದುಮಾಡಿ ಆ ಸುದ್ದಿಯನ್ನು ಪಕ್ಕಕ್ಕಿಡುವುದು ಯಾವ ದಿಗಂಬರ ಮನೆಗೂ ತರವಲ್ಲ.

ಋತುಮತಿಯಾದ ಬೆಳೆಯುವ ಹೆಣ್ಣಿನ ರಕ್ತದ ಸ್ಥಿತಿಯನ್ನೂ ತಾಯಿಯು ಅರಿತಿರಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡಾ 59 ಮಂದಿಗೆ ರಕ್ತಹೀನತೆಯಿದೆ. ಹಿಮೋಗ್ಲೋಬಿನ್ 12 ಗ್ರಾಮಿಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆಯೇ. ಪರ್ವಕ್ಕೆ ಒಂದೆರಡು ತಿಂಗಳು ಮುಂಚೆ ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಲ್ಲೋ ಸಮೀಪದ ವೈದ್ಯರಲ್ಲೋ ಪರೀಕ್ಷೆ ಮಾಡಿಸಿದರೆ ವ್ರತಕ್ಕೆ ಕುಂದಿಲ್ಲ. ಚಾತುರ್ಮಾಸದಲ್ಲಿ ಸೊಪ್ಪನ್ನು ಬಿಡುವ ಮನೆಗಳಲ್ಲಿ ಹೆಸರು, ಕಡಲೆ, ಹುರುಳಿ, ಎಳ್ಳುಗಳು ಅದರ ಸ್ಥಾನಕ್ಕೆ ಬರಬೇಕು. ಜೊತೆಗೆ ನಿಂಬೆಯೋ ನೆಲ್ಲಿಯೋ ಇದ್ದರೆ ಕಬ್ಬಿಣದ ಅಂಶವು ಚೆನ್ನಾಗಿ ಹತ್ತುತ್ತದೆ, ಊಟದ ಬೆನ್ನಿಗೇ ಕುಡಿದ ಚಹಾ ಅದನ್ನು ಕೆಡಿಸುತ್ತದೆ. ನೂರು ಗ್ರಾಮ್ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಮಿಗೂ ಮಿಕ್ಕು ಸುಣ್ಣದ ಅಂಶವಿದೆ. ಸೂರ್ಯಾಸ್ತಕ್ಕೆ ಮುನ್ನ ಉಣ್ಣುವ ನಿಯಮವು ಹಸಿದುಕೊಂಡು ಮಲಗುವ ನಿಯಮವಾಗಬಾರದು. ಸಂಜೆ ತಡವಾಗಿ ಮನೆ ಸೇರುವ ಮಗಳ ಚೀಲದಲ್ಲಿ ಮಧ್ಯಾಹ್ನದ ಬುತ್ತಿಯ ಜೊತೆಗೆ ಇನ್ನೊಂದು ಡಬ್ಬಿಯೂ ಇರಲಿ.

ಪಾರಣೆಯ ಬೆಳಿಗ್ಗೆ ತಾಯಿಯು “ಎಷ್ಟು ಇಳಿದೆ?” ಎಂದು ಕೇಳದೆ “ತಲೆ ಸುತ್ತಿತೇ ಮಗು? ಸ್ವಾಧ್ಯಾಯಕ್ಕೆ ಮನಸ್ಸು ನಿಂತಿತೇ?” ಎಂದು ಕೇಳಲಿ. ಬೇಳೆಕಟ್ಟು, ಮೆತ್ತಗಿನ ಅನ್ನ, ಸ್ವಲ್ಪ ತುಪ್ಪವನ್ನು ಬಡಿಸಿ, ತಾನೂ ಪಕ್ಕದಲ್ಲಿ ಕುಳಿತು ಅದನ್ನೇ ಉಣ್ಣಲಿ.